ಬೆನ್ನ ನೀರು

ಆಸ್ಪತ್ರೆಯ ಲಿಫ್ಟು ಕೆಟ್ಟು ನಿಂತ ದಿನವೇ ಲಿಫ್ಟು ರಿಪೇರಿಯವನ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳುವ ಯೋಗ ಕೂಡಿಬಂತು. ಅದೇ ಪರೀಕ್ಷೆಗೆಂದು ಆ ಬೆಳಿಗ್ಗೆ ಬಂದಿದ್ದ ಬೇರೆಯವರೆಲ್ಲ ಗಾಲಿಕುರ್ಚಿಯವರು, ಊರುಗೋಲಿನವರು. ನರರೋಗ ವಿಭಾಗ ಇರುವುದು ನಾಲ್ಕನೇ ಮಹಡಿಯಲ್ಲಿ. ಕೆಳಗಿನ ಹಜಾರದಲ್ಲಿ ಕಾದು ಕಾದು ಸುಸ್ತಾಗಿ, ಕೌಂಟರಿನವರಿಗೆ ಬಾಯಿಗೆ ಬಂದಂತೆ ಬೈದು, ಇನ್ನೊಂದು ದಿನ ಬರುತ್ತೇವೆಂದು ಎಲ್ಲರೂ ಮನೆಗೆ ಹೋದರು. ಮೆಟ್ಟಿಲು ಹತ್ತಿದ ರೋಗಿ ಲಿಫ್ಟು ರಿಪೇರಿಯ ತಮ್ಮ ಒಬ್ಬನೇ, ಜೊತೆಗೆ ಅವನ ಅಕ್ಕ. ಹತ್ತುವ ಮೊದಲು ಲಿಫ್ಟಿನ ಬಾಗಿಲಿಗೆ ಕಿವಿಯಾನಿಸಿ ಕೇಳಿದ.

"ಬ್ರೇಕ್ ಕಚ್ಕೊಂಡ್ಬಿಟ್ಟಿದೆ ಕಣಕ್ಕ. ಪುಣ್ಯಕ್ಕೆ ನಮ್ಮ ಕಂಪನೀದಲ್ಲ."

"ಬಾಯ್ ಮುಚ್ಕೊಂಡು ಹತ್ತು," ಎಂದಳು ಅಕ್ಕ.

ಅಕ್ಕ ಅದೇ ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದವಳು. ಜನರ ಬೆನ್ನುಹುರಿಯ ಸುತ್ತ ಇರುವ ನೀರನ್ನು ಪರೀಕ್ಷೆ ಮಾಡುವುದೇ ಅವಳ ಕೆಲಸ. ವರ್ಷಗಟ್ಟಲೆ ಆ ನೀರನ್ನು ಅಳೆದು ಸುರಿದವಳು, ಅದು ಒಬ್ಬ ಮನುಷ್ಯನ ಸೊಂಟದಿಂದ ಹನಿಹನಿಯಾಗಿ ಬೀಳುವುದನ್ನು ನೋಡಿದ್ದು ಅಂದೇ ಮೊದಲು. ತಮ್ಮ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮುದುರಿ ಮಲಗಿದ್ದ. ಅವ್ವ ಸತ್ತ ವರ್ಷ ಅವನು ಹೀಗೇ ಮಲಗುತ್ತಿದ್ದ. ಅಕ್ಕ ಅವನ ಕೈ ಹಿಡಿದು ನಿಂತಿದ್ದಳು. ನೀರು ಮಾತ್ರ ಕುಡಿಯುವ ನೀರಿಗಿಂತ ತಿಳಿಯಾಗಿತ್ತು.

ಕಾಯಿಲೆ ಶುರುವಾಗಿದ್ದು ಕಣ್ಣಿನಿಂದ. ಒಂದು ಬೆಳಿಗ್ಗೆ ಬಲಗಣ್ಣಿಗೆ ಮಂಜು ಕವಿದ ಹಾಗಾಯಿತು. ಸ್ಕ್ಯಾನ್ ಮಾಡಿದರೆ ಮಿದುಳಲ್ಲೂ ಬೆನ್ನುಹುರಿಯಲ್ಲೂ ಬಿಳಿ ಕಲೆಗಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು ನರರೋಗದ ಡಾಕ್ಟರಮ್ಮ. ಮೈಯನ್ನು ಕಾಯಬೇಕಾದ ಶಕ್ತಿಯೇ ಬುದ್ಧಿಗೆಟ್ಟು ನರಗಳ ಮೇಲಿನ ಹೊದಿಕೆಯನ್ನು ಸುಲಿಯುತ್ತದೆ ಎಂದು ವಿವರಿಸಿದರು. ತಮ್ಮ ಕೂಡಲೇ ತಲೆಯಾಡಿಸಿದ. "ವಯರಿನ ಮೇಲಿನ ಪ್ಲಾಸ್ಟಿಕ್ ಇಲಿ ತಿಂದ ಹಾಗೆ ಅನ್ನಿ. ಲೈಟು ಒಂದ್ಸಲ ಹತ್ತತ್ತೆ, ಒಂದ್ಸಲ ಹತ್ತಲ್ಲ."

"ಹೆಚ್ಚುಕಡಿಮೆ ಹಾಗೇ," ಎಂದರು ಡಾಕ್ಟರಮ್ಮ. "ಆದ್ರೆ ಒಳಗಿನ ತಂತಿ ತುಂಡಾದ್ರೆ ನನ್ನ ಹತ್ರ ಹೊಸ ತಂತಿ ಇಲ್ಲ."

ಅವರು ಮುಂದಿಟ್ಟ ದಾರಿ ಎರಡು. ಒಂದು, ದಿನಾ ನುಂಗುವ ಮಾತ್ರೆ; ಸೌಮ್ಯದ್ದು, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ವರ್ಷಕ್ಕೆರಡು ಸಲ ಆಸ್ಪತ್ರೆಯಲ್ಲಿ ಮಲಗಿ ಹಾಕಿಸಿಕೊಳ್ಳುವ ಡ್ರಿಪ್. ಬಲವಾದ ಔಷಧಿ, ಸೋಂಕಿನ ಭಯ ಇದ್ದದ್ದೇ, ಆದರೆ ಕಾಯಿಲೆಯ ಕೈ ಕಟ್ಟಿಹಾಕುವುದರಲ್ಲಿ ಎತ್ತಿದ ಕೈ. ಡಾಕ್ಟರಮ್ಮನ ಒಲವು ಡ್ರಿಪ್ಪಿನ ಕಡೆಗಿತ್ತು. ಅಕ್ಕನದಂತೂ ಕೇಳುವುದೇ ಬೇಡ. ಮೊದಲ ದಿನದಿಂದ ಡ್ರಿಪ್, ಡ್ರಿಪ್ ಎಂದು ಜಪ ಹಿಡಿದಿದ್ದಳು.

ತಮ್ಮನಿಗೆ ಮಾತ್ರ ಅದು ಬೇಡವಾಗಿತ್ತು. ಡ್ರಿಪ್ಪಿಗೆ ಕಂಪನಿಯ ವಿಮೆ ಬೇಕು. ವಿಮೆ ಎಂದರೆ ಕಂಪನಿಗೆ ಕಾಯಿಲೆ ಗೊತ್ತಾಗುತ್ತದೆ. ಗೊತ್ತಾದರೆ ನಾಳೆಯಿಂದ ಅವನು ಲಿಫ್ಟಿನ ಗುಂಡಿಗಿಳಿಯುವ ಹಾಗಿಲ್ಲ, ಮೇಲಿನ ಮಷೀನ್ ರೂಮಿಗೆ ಏಣಿ ಹತ್ತುವ ಹಾಗಿಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಫೋನೆತ್ತಿ "ಗಾಬರಿ ಆಗ್ಬೇಡಿ ಸರ್" ಎನ್ನುವ ಕೆಲಸ. "ಅದಕ್ಕಿಂತ ಗುಂಡಿಗೆ ಬಿದ್ದು ಸಾಯೋದು ವಾಸಿ," ಎನ್ನುತ್ತಿದ್ದ. ಕತ್ತಲ ಬಾವಿಯಂಥ ಆ ಜಾಗದಲ್ಲಿ ಗ್ರೀಸು ಮೆತ್ತಿಕೊಂಡು ತಂತಿಹಗ್ಗದ ಬಿಗಿ ನೋಡುವುದರಲ್ಲಿ ಅವನಿಗೆ ಅದೇನು ಸುಖವೋ, ಅಕ್ಕನಿಗೆ ಕೊನೆತನಕ ಅರ್ಥವಾಗಲಿಲ್ಲ.

ಇವೆರಡರ ನಡುವೆ ಸಿಕ್ಕಿಕೊಂಡಿದ್ದು ಬೆನ್ನ ನೀರು. ನರದೊಳಗಿನ ಎಳೆ ತುಂಡಾದಾಗ ಅದರ ಚೂರು, ಒಂದು ಜಾತಿಯ ಪ್ರೋಟೀನು, ಆ ನೀರಿಗೆ ಸೋರುತ್ತದೆ. ನೀರಿನಲ್ಲಿ ಅದು ಹೆಚ್ಚಿದ್ದವರು ಮುಂದೆ ಬೇಗ ಕೈಕಾಲು ಕಳೆದುಕೊಳ್ಳುತ್ತಾರೆಯೇ ಎಂಬುದರ ಮೇಲೆ ಆ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ತಮ್ಮ ಅದಕ್ಕೆ ಒಪ್ಪಿ ನೀರು ಕೊಟ್ಟಿದ್ದ. ಆದರೆ ಅಂಕಿಯನ್ನು ಯಾರಿಗೂ ಹೇಳುವಂತಿಲ್ಲ, ಚಿಕಿತ್ಸೆಗೂ ಬಳಸುವಂತಿಲ್ಲ ಎಂಬುದು ಕಟ್ಟುನಿಟ್ಟಿನ ನಿಯಮ. "ನೂರು ಜನರ ಗುಂಪಿಗೆ ಹೇಳ್ಬಹುದು, ಒಬ್ಬ ಮನುಷ್ಯನಿಗೆ ಇನ್ನೂ ಹೇಳೋಕಾಗಲ್ಲ," ಎಂದಿದ್ದರು ಡಾಕ್ಟರಮ್ಮ. "ಅರ್ಧ ಗೊತ್ತಿರೋದನ್ನ ಹೇಳಿದ್ರೆ ಜನ ಪೂರ್ತಿ ನಂಬ್ತಾರೆ."

ಅಕ್ಕ ಮೊದಲಿಗೆ ನಿಯತ್ತಾಗಿಯೇ ನಡೆದುಕೊಂಡಳು. ಸೀಸೆಗಳ ಮೇಲೆ ಹೆಸರಿರುವುದಿಲ್ಲ, ಗುರುತಿನ ಸಂಖ್ಯೆ ಮತ್ತು ನೀರು ತೆಗೆದ ತಾರೀಖು ಮಾತ್ರ. ಆದರೆ ಲಿಫ್ಟು ಕೆಟ್ಟ ದಿನ ನಾಲ್ಕನೇ ಮಹಡಿಯಿಂದ ಇಳಿದು ಬಂದದ್ದು ಒಂದೇ ಸೀಸೆ. ಅದು ಯಾರದೆಂದು ತಿಳಿಯಲು ಜ್ಯೋತಿಷ್ಯ ಕೇಳಬೇಕಿರಲಿಲ್ಲ. ಅವಳು ನೇರವಾಗಿ ಪ್ರಯೋಗಾಲಯದ ಮುಖ್ಯಸ್ಥರ ಬಳಿ ಹೋಗಿ, ಈ ಕಂತಿನಲ್ಲಿ ನನ್ನ ತಮ್ಮನದಿದೆ, ನಾನು ಕೈ ಹಾಕುವುದಿಲ್ಲ ಎಂದಳು. ಮುಖ್ಯಸ್ಥರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಲ್ಲರೂ ಹೀಗಿರಬೇಕು ಎಂದು ಹೊಗಳಿ, ಆ ಕಂತನ್ನು ಮೌನಿಗೆ ವಹಿಸಿದರು.

ಮೌನಿ ಎಂಬುದು ಅವಳ ಜೊತೆ ಕೆಲಸ ಮಾಡುವವನಿಗೆ ಎಲ್ಲರೂ ಸೇರಿ ಇಟ್ಟ ಅಡ್ಡಹೆಸರು. ಅವನ ಬಾಯಿ ನಿದ್ದೆಯಲ್ಲೂ ಮುಚ್ಚುವುದಿಲ್ಲವೆಂದು ಅವನ ಹೆಂಡತಿಯೇ ಹೇಳಿಕೊಂಡು ತಿರುಗುತ್ತಿದ್ದಳು. ಮುಖ್ಯಸ್ಥರು ಅವನನ್ನು ಕರೆದು, ಈ ಕಂತಿನ ವಿಷಯ ಅಕ್ಕನ ಮುಂದೆ ಒಂದು ಮಾತು ಬಿದ್ದರೂ ಬೇರೆ ಕೆಲಸ ನೋಡಿಕೋ ಎಂದು ಎಚ್ಚರಿಸಿದರು. ಪಾಪ, ಅವನು ಬಾಯಿಗೆ ಬೀಗ ಹಾಕಿಕೊಂಡ.

ಈಗ ತಮ್ಮ ಅಕ್ಕನ ಬೆನ್ನು ಬಿದ್ದ. ಭಾನುವಾರ ಹೆಂಡತಿಯ ಜೊತೆ ಅವಳ ಮನೆಗೆ ಬಂದು, ಕೇಳದೇ ಇದ್ದರೂ ಬಚ್ಚಲಮನೆಯ ಬಾಗಿಲಿನ ಕೀಲು ಸರಿಮಾಡಿ, ಟೀ ಲೋಟ ಹಿಡಿದು ಕುಳಿತ.

"ನಿನ್ನ ಕೈಯಲ್ಲೇ ಇದೆಯಲ್ಲಕ್ಕ. ಒಂದ್ಸಲ ನೋಡಿದ್ರೆ ನಿನ್ನ ಗಂಟೇನು ಹೋಗತ್ತೆ?"

"ನೋಡಬಾರ್ದು. ನೋಡಿದ್ರೂ ಅದು ಖಾತ್ರಿ ಅಲ್ಲ."

"ಮಳೆ ಬರತ್ತೆ ಅಂತ ಹೇಳೋದೂ ಖಾತ್ರಿ ಅಲ್ಲ. ಛತ್ರಿ ತಗೊಂಡ್ ಹೋಗಲ್ವಾ? ಕಡಿಮೆ ಇದ್ರೆ ಮಾತ್ರೆ ತಗೋತೀನಿ. ಜಾಸ್ತಿ ಇದ್ರೆ ಮರುಮಾತಿಲ್ಲದೆ ಡ್ರಿಪ್. ಇಲ್ಲೇ, ಇವಳ ಎದುರಿಗೇ ಹೇಳ್ತಿದೀನಿ."

ಅವನ ಹೆಂಡತಿ ಮದುವೆಯಾಗಿ ಬಂದಾಗಿನಿಂದ ಅತ್ತಿಗೆಯ ಮುಂದೆ ದನಿಯೆತ್ತಿದವಳಲ್ಲ. ಅಂದು ಲೋಟ ಕೆಳಗಿಟ್ಟು, "ಅತ್ತಿಗೆ, ಇವ್ರು ನನ್ನ ಮಾತು ಕೇಳಲ್ಲ, ಡಾಕ್ಟರ ಮಾತೂ ಕೇಳಲ್ಲ. ಹೀಗಾದ್ರೂ ಒಂದು ತೀರ್ಮಾನಕ್ಕೆ ಬರ್ಲಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಕ್ಕನ ನಿಯತ್ತು ಕರಗಿದ್ದು ಅಲ್ಲೇ.

ಮಾರನೆಯ ವಾರ ಒಂದು ಮಧ್ಯಾಹ್ನ ಮೌನಿ ಯಾರ ಜೊತೆಗೋ ಹರಟುತ್ತ ಟೀಗೆ ಹೋದಾಗ, ಅಕ್ಕ ಅಳತೆ ಯಂತ್ರದ ಮುಂದೆ ಕುಳಿತಳು. ಪರದೆಯ ಮೇಲೆ ಅವನು ಆಗಷ್ಟೇ ಮುಗಿಸಿದ ಪ್ಲೇಟು ತೆರೆದೇ ಇತ್ತು. ಪ್ಲೇಟು ಎಂದರೆ ಅಂಗೈಯಗಲದ ಪ್ಲಾಸ್ಟಿಕ್ ಹಲಗೆ, ತುಂಬ ಸಣ್ಣ ಗುಳಿಗಳು. ಒಂದೊಂದು ಗುಳಿಗೂ ಒಬ್ಬೊಬ್ಬರ ನೀರು ಹಾಕಿ ಬಣ್ಣ ಬರಿಸಿದರೆ, ಹಳದಿ ಹೆಚ್ಚಿದಷ್ಟೂ ಪ್ರೋಟೀನು ಹೆಚ್ಚು. ಆ ತಾರೀಖು ಹುಡುಕಿದಳು. ಸಿಕ್ಕಿತು. ನಾನೂರ ಇಪ್ಪತ್ತು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ನಾನೂರ ಇಪ್ಪತ್ತೇ. ಆರೋಗ್ಯವಂತರಿಗೂ ಅಷ್ಟಿರುತ್ತದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಪ್ಲೇಟಿನಲ್ಲಿ ಮುಕ್ಕಾಲು ಗುಳಿಗಳು ಖಾಲಿ ಇದ್ದದ್ದನ್ನು ಕಣ್ಣು ಕಂಡಿತ್ತು, ಮನಸ್ಸು ಕಾಣಲಿಲ್ಲ. ತರಬೇತಿಗೆ ಬಂದವರು ಇಂಥ ತಪ್ಪು ಮಾಡಿದರೆ ಅಕ್ಕ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಬೇಕಾದ ಅಂಕಿ ಕಣ್ಣೆದುರಿಗೆ ಬಂದು ಕುಳಿತರೆ ಎಂಥ ಗಟ್ಟಿಗಿತ್ತಿಯೂ ಪ್ರಶ್ನೆ ಕೇಳುವುದನ್ನು ಮರೆಯುತ್ತಾಳೆ.

ಸಂಜೆ ಫೋನಿನಲ್ಲಿ ಹೇಳಿದಳು. "ಕಡಿಮೆ ಇದೆ ಕಣೋ."

ಆ ಕಡೆಯಿಂದ ತಮ್ಮ, "ಅಕ್ಕ, ನಿನ್ನ ಬಾಯಿಗೆ ಸಕ್ಕರೆ ಹಾಕ," ಎಂದು ಕೂಗಿದ ಕೂಗಿಗೆ ಅವಳ ಕಿವಿ ಗುಯ್ ಎಂದಿತು.

ತಮ್ಮ ಮಾತ್ರೆ ಹಿಡಿದ. ಡಾಕ್ಟರಮ್ಮ ಮುಖ ಗಂಟು ಹಾಕಿಕೊಂಡು ಬರೆದುಕೊಟ್ಟರು. ಕಣ್ಣಿನ ಮಂಜು ಹೆಚ್ಚುಕಡಿಮೆ ಸರಿಯಿತು. ಅವನು ಗುಂಡಿಗಿಳಿದ, ಏಣಿ ಹತ್ತಿದ, ಹೊಸ ಕಟ್ಟಡವೊಂದರಲ್ಲಿ ಸಾಲಾಗಿ ಲಿಫ್ಟು ಕೂರಿಸುವ ಕೆಲಸಕ್ಕೆ ಮೇಸ್ತ್ರಿಯಾದ. ಅಕ್ಕನೂ ಹಗುರಾದಳು. ಎರಡು ತಿಂಗಳು ಹೀಗೆ ಕಳೆಯಿತು.

ಆಮೇಲೊಂದು ದಿನ ಪ್ರಯೋಗಾಲಯದ ಫ್ರೀಜರಿನಲ್ಲಿ ಹಿಮ ಕಟ್ಟಿತೆಂದು ಎಲ್ಲವನ್ನೂ ಹೊರಗೆ ತೆಗೆದು ಜೋಡಿಸುವ ಕೆಲಸ ಅವಳ ಪಾಲಿಗೆ ಬಂತು. ಕೆಳಗಿನ ಖಾನೆಯಲ್ಲಿ ಒಂದು ಸಣ್ಣ ಪೆಟ್ಟಿಗೆ. ಒಳಗಿದ್ದ ಸೀಸೆಗಳಿಗೆಲ್ಲ ಕೆಂಪು ಮುಚ್ಚಳ.

ಕೆಂಪು ಮುಚ್ಚಳದ ಅರ್ಥ ಆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಗೊತ್ತು. ಯಂತ್ರ ಅಳೆಯುವುದಕ್ಕೂ ಒಂದು ಮಿತಿಯಿದೆ. ಯಾರದಾದರೂ ನೀರಿನಲ್ಲಿ ಪ್ರೋಟೀನು ಆ ಮಿತಿ ಮೀರಿದರೆ ಅಂಕಿಯೇ ಬರುವುದಿಲ್ಲ. ಹಾಲಿನ ಪಾತ್ರೆ ನೆನಪಾಗಿ ಯಾರೋ ಅವಕ್ಕೆ 'ಉಕ್ಕಿದವು' ಎಂದು ಹೆಸರಿಟ್ಟಿದ್ದರು. ಉಕ್ಕಿದವನ್ನು ಹತ್ತು ಪಟ್ಟು ತೆಳು ಮಾಡಿ, ಕೆಂಪು ಮುಚ್ಚಳ ಹಾಕಿ, ಬೇರೆ ಪ್ಲೇಟಿನಲ್ಲಿ ಇನ್ನೊಮ್ಮೆ ಅಳೆಯುತ್ತಾರೆ. ಯಂತ್ರ ತೋರಿಸುವುದು ತೆಳುವಾದ ನೀರಿನ ಅಂಕಿ. ಹತ್ತರಿಂದ ಗುಣಿಸುವುದು ಆಮೇಲೆ, ಲೆಕ್ಕ ಹಾಕುವಾಗ.

ಪೆಟ್ಟಿಗೆಯ ಮೂಲೆಯ ಸೀಸೆಯ ಮೇಲೆ ಲಿಫ್ಟು ಕೆಟ್ಟ ದಿನದ ತಾರೀಖಿತ್ತು.

ಅಕ್ಕ ಕೈಗವಸು ತೆಗೆಯುವುದನ್ನೂ ಮರೆತು ಫ್ರೀಜರಿನ ಬಾಗಿಲು ಹಿಡಿದು ನಿಂತಳು. ನಾಲ್ಕು ಸಾವಿರದ ಇನ್ನೂರು. ಮುಕ್ಕಾಲು ಖಾಲಿಯಿದ್ದ ಆ ಪ್ಲೇಟು ಈಗ ಕಣ್ಣ ಮುಂದೆ ಬಂತು. ಅದು ಉಕ್ಕಿದವರ ಪ್ಲೇಟು. ಅದರಲ್ಲಿ ಒಳ್ಳೆಯ ಅಂಕಿಯವರು ಒಬ್ಬರೂ ಇರಲು ಸಾಧ್ಯವಿರಲಿಲ್ಲ. ಅವನ ತಾರೀಖು ಅಲ್ಲಿದ್ದದ್ದೇ ಸಾಕಿತ್ತು, ಅಂಕಿ ಓದುವ ಅಗತ್ಯವೇ ಇರಲಿಲ್ಲ. ಮೊದಲ ಅಳತೆಯನ್ನು ಅವಳೇ ಮಾಡಿದ್ದರೆ ಅವನದು ಉಕ್ಕಿದ್ದನ್ನು ಅವಳೇ ನೋಡುತ್ತಿದ್ದಳು. ದೂರ ನಿಂತು ನಿಯತ್ತು ಮೆರೆದಳು, ಆಮೇಲೆ ಕದ್ದು ನೋಡಿದಳು. ಎರಡರಲ್ಲಿ ಒಂದನ್ನೇ ಪೂರ್ತಿ ಮಾಡಿದ್ದರೂ ಈ ತಪ್ಪು ಆಗುತ್ತಿರಲಿಲ್ಲ.

ಮೌನಿಯನ್ನು ಕೇಳಿದಳು. ಅವನು ಬೆಪ್ಪಾದ.

"ಹೂಂ ಮೇಡಂ, ಉಕ್ಕಿತ್ತು. ನಿಮ್ಗೆ ಹೇಳ್ಬಾರ್ದು ಅಂದಿದ್ರಲ್ಲ ಸರ್. ಜೀವಮಾನದಲ್ಲಿ ಅದೊಂದೇ ವಿಷ್ಯ ನಾನು ಹೊಟ್ಟೇಲಿಟ್ಕೊಂಡಿದ್ದು."

ಅಂದು ಸಂಜೆಯೇ ತಮ್ಮನ ಮನೆಗೆ ಹೋದಳು. ಅವನು ನೆಲದ ಮೇಲೆ ಕುಳಿತು ಬೂಟಿನ ಗ್ರೀಸು ಕೆರೆಯುತ್ತಿದ್ದ. ಅಕ್ಕ ಸುತ್ತಿ ಬಳಸದೆ ಎಲ್ಲ ಹೇಳಿದಳು: ಕದ್ದು ನೋಡಿದ್ದು, ತಪ್ಪು ನೋಡಿದ್ದು, ಹತ್ತು ಪಟ್ಟು, ಕೆಂಪು ಮುಚ್ಚಳ. "ನಾಳೆನೇ ಡ್ರಿಪ್ ಶುರು ಮಾಡ್ಸೋಣ ಕಣೋ. ಇನ್ನೂ ಹೊತ್ತು ಮೀರಿಲ್ಲ."

ತಮ್ಮ ಬೂಟು ಕೆಳಗಿಟ್ಟ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಅದನ್ನು ಕಂಡು ಅಕ್ಕನಿಗೇ ಗಾಬರಿಯಾಯಿತು.

"ಮುಗೀತಾ?" ಎಂದ. "ಕಥೆ ಚೆನ್ನಾಗಿದೆ. ಮುಚ್ಚಳದ ಬಣ್ಣ ಬೇರೆ ಸೇರ್ಸಿದೀಯ."

"ಕಥೆ ಅಲ್ವೋ!"

"ಅಕ್ಕ, ಕಹಿ ಔಷಧಿಗೆ ಜೇನುತುಪ್ಪ ಅಂತ ಹೇಳಿ ಕುಡಿಸಿದ್ದು ಯಾರು? ನಮ್ಮ ನಾಯಿ ಸತ್ತಾಗ ಅಪ್ಪನ ಸ್ನೇಹಿತರ ಮನೇಲಿ ಆರಾಮಾಗಿದೆ ಅಂತ ಎರಡು ವರ್ಷ ನಂಬ್ಸಿದ್ದು ಯಾರು? ನನ್ನ ಕೆಲಸದ ಪರೀಕ್ಷೆಗೆ ಮುಂಚೆ, ನಾನು ಓದ್ಲಿ ಅಂತ, ಹೋದ ವರ್ಷ ಎಲ್ಲರೂ ಫೇಲಂತೆ ಅಂತ ಹೆದರ್ಸಿದ್ದು ಯಾರು? ಎಲ್ಲಾ ನನ್ನ ಒಳ್ಳೇದಕ್ಕೇ. ನಾನು ಬೇಡ ಅನ್ನಲ್ಲ. ಈಗ ಹೇಳು. ಅವತ್ತು ನಂಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಿದ್ಯೋ, ಇವತ್ತು ಡ್ರಿಪ್ ಹಾಕಿಸ್ಕೊಳ್ಲಿ ಅಂತ ಸುಳ್ಳು ಹೇಳ್ತಿದೀಯೋ?"

ಆ ಸುಳ್ಳುಗಳೆಲ್ಲ ನಿಜ. ತಾಯಿಯಿಲ್ಲದ ಮಗುವನ್ನು ಸಾಕಲು ಹದಿಹರೆಯದ ಹುಡುಗಿಯ ಕೈಯಲ್ಲಿ ಬೇರೆ ಏನಿತ್ತು? ಸುಳ್ಳು ಹೇಳಿಯೇ ಊಟ ಮಾಡಿಸಿದ್ದಳು, ಸುಳ್ಳು ಹೇಳಿಯೇ ಮಲಗಿಸಿದ್ದಳು, ಅವನು ದೊಡ್ಡವನಾಗಿ ಅವುಗಳನ್ನೆಲ್ಲ ಒಂದೊಂದಾಗಿ ಪತ್ತೆ ಹಚ್ಚಿ ನಗುತ್ತಿದ್ದ. ಮನೆಯಲ್ಲಿ ಅದೊಂದು ಹಾಸ್ಯವಾಗಿತ್ತು. ಆ ಹಾಸ್ಯಕ್ಕೆ ಇಂಥ ಹಲ್ಲು ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ಅವ್ವನಾಣೆ ಕಣೋ," ಎಂದಳು.

"ನಾಯಿ ವಿಷ್ಯಕ್ಕೂ ಅವ್ವನಾಣೆನೇ ಹಾಕಿದ್ದೆ," ಎಂದು ನಕ್ಕು ಅವನು ಬೂಟು ಎತ್ತಿಕೊಂಡ.

ಮಾರನೆಯ ದಿನ ಅಕ್ಕ ಡಾಕ್ಟರಮ್ಮನ ಮುಂದೆ ಎಲ್ಲ ಒಪ್ಪಿಕೊಂಡಳು. ಅವರ ಮುಖ ಕೆಂಪಾಯಿತು. ಆದರೂ ಬೈಯುವ ಮೊದಲು ತಮ್ಮನಿಗೆ ಫೋನು ಮಾಡಿದರು. ಅಂಕಿ ಹೇಳುವಂತಿಲ್ಲ, ಸ್ಕ್ಯಾನಿನ ಕಲೆಗಳ ಮಾತು, ಬೆನ್ನುಹುರಿಯ ಮಾತು ಎತ್ತಿ, ಡ್ರಿಪ್ಪೇ ಒಳ್ಳೆಯದೆಂದು ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು. ಅವನು ವಿನಯವಾಗಿಯೇ ಉತ್ತರಿಸಿದ: "ಅಕ್ಕ ಬಂದಿದ್ಲಾ ಡಾಕ್ಟ್ರೇ? ನಂಗೊತ್ತಿತ್ತು. ಈ ಕಟ್ಟಡದ ಕೆಲಸ ಮುಗೀಲಿ, ನೋಡೋಣ."

ಫೋನಿಟ್ಟು ಡಾಕ್ಟರಮ್ಮ ಕೈಚೆಲ್ಲಿದರು. "ನೀವು ಏನೂ ಹೇಳದೇ ಇದ್ದಿದ್ರೆ, ನಾನು ಇನ್ನೊಂದು ತಿಂಗಳಲ್ಲಿ ಅವರನ್ನ ಒಪ್ಪಿಸ್ತಿದ್ದೆ," ಎಂದರು. ಆ ಮಾತು ಅಕ್ಕನನ್ನು ಕೆಳಗಿನ ಮೆಟ್ಟಿಲುಗಳವರೆಗೂ ಅಟ್ಟಿಸಿಕೊಂಡು ಬಂತು. ಮುಖ್ಯಸ್ಥರು ಅವಳನ್ನು ಪ್ರಯೋಗಾಲಯದಿಂದ ತೆಗೆದು, ರಕ್ತ ತೆಗೆಯುವ ಕೌಂಟರಿಗೆ ಹಾಕಿದರು. ಅದು ಅವಳಿಗೆ ಶಿಕ್ಷೆ ಅನ್ನಿಸಲೇ ಇಲ್ಲ.

ದಿನವೂ ತಮ್ಮನ ಹೆಂಡತಿಗೆ ಫೋನು ಮಾಡುತ್ತಿದ್ದಳು. ನಡಿಗೆ ಹೇಗಿದೆ, ಎಡವುತ್ತಾನಾ, ಕಾಲು ಜೋಮು ಹಿಡಿಯುತ್ತಾ? ಹುಡುಗಿ ಮೊದಮೊದಲು ಉತ್ತರಿಸಿದಳು, ಆಮೇಲೆ, "ಅತ್ತಿಗೆ, ನೀವು ಕೇಳಿದಾಗಲೆಲ್ಲ ನಂಗೆ ಭಯ ಆಗತ್ತೆ. ದಯವಿಟ್ಟು ಬಿಟ್ಬಿಡಿ," ಎಂದಳು. ಅಕ್ಕ ಫೋನು ಮಾಡುವುದನ್ನು ಬಿಟ್ಟಳು. ಒಂದೊಂದು ಸಲ, ಅಂಕಿ ಒಬ್ಬ ಮನುಷ್ಯನಿಗೆ ಹೇಳಲಾಗುವುದಿಲ್ಲ ಎಂಬ ಡಾಕ್ಟರಮ್ಮನ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಇವನು ಆ ನೂರರಲ್ಲಿ ಪಾರಾದವನೇ ಇರಬಹುದಲ್ಲ?

ಇರಲಿಲ್ಲ. ಹೊಸ ಕಟ್ಟಡದ ಕೊನೆಯ ಲಿಫ್ಟಿನ ಗುಂಡಿಯಲ್ಲಿ ಸ್ಪ್ರಿಂಗು ಬಿಗಿ ಮಾಡಿ ಮುಗಿಸಿ, ತಮ್ಮ ಮೇಲೆ ಬರಲು ಏಣಿಗೆ ಕಾಲಿಟ್ಟ. ಕಾಲು ಏಳಲಿಲ್ಲ. ಇನ್ನೊಂದನ್ನು ಇಟ್ಟ. ಅದೂ ಏಳಲಿಲ್ಲ. ಜೊತೆಗಾರರು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಮೇಲಿಂದ ನಕ್ಕರಂತೆ. ಆಮೇಲೆ ಸೊಂಟದ ಬೆಲ್ಟಿಗೆ ಹಗ್ಗ ಕಟ್ಟಿ, ಸಾಮಾನು ಎತ್ತಿದ ಹಾಗೆ ಎತ್ತಿದರು.

ಸ್ಟೆರಾಯ್ಡು ಕೊಟ್ಟರು. ಯಾರನ್ನೂ ಕೇಳದೆ, ಯಾರೂ ಬೇಡವೆನ್ನದೆ, ಡ್ರಿಪ್ಪೂ ಶುರುವಾಯಿತು. ಮರಗಟ್ಟಿದ್ದ ಕೈ ಬೆರಳುಗಳು ವಾರದೊಳಗೆ ತಿರುಗಿ ಬಂದವು. ಕಾಲುಗಳು ಬರಲಿಲ್ಲ. ಇದು ಇನ್ನಷ್ಟು ಆಗದ ಹಾಗೆ ತಡೆಯಬಹುದು, ಆಗಿಹೋದದ್ದು ಎಷ್ಟು ವಾಪಸು ಬರುತ್ತದೋ ಕಾದು ನೋಡಬೇಕು ಎಂದರು ಡಾಕ್ಟರಮ್ಮ.

ಕೌಂಟರಿನ ಕೆಲಸ ಮುಗಿಸಿ ಅಕ್ಕ ದಿನಾ ಮಧ್ಯಾಹ್ನ ನಾಲ್ಕನೇ ಮಹಡಿಗೆ ಹೋಗುತ್ತಿದ್ದಳು. ತಮ್ಮನ ಹೆಂಡತಿ ಅವಳಿಗೆ ಸ್ಟೂಲು ಬಿಟ್ಟುಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ತಮ್ಮನೂ ಬೇಕಾದಷ್ಟೇ ಆಡುತ್ತಿದ್ದ. ನೀರು ಕೊಡು, ದಿಂಬು ಎತ್ತು, ಕಿಟಕಿ ಮುಚ್ಚು. ತಪ್ಪು ನಿನ್ನದು ಎಂದು ಒಂದು ಸಲವಾದರೂ ಕೂಗಾಡಿದ್ದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು. ಅವನು ಕೂಗಾಡಲಿಲ್ಲ.

ಒಂದು ದಿನ ಫಿಸಿಯೋಥೆರಪಿಯವನು ಕಾಲುಗಳನ್ನು ಎತ್ತಿ ಇಳಿಸಿ, ಅವು ಹೇಗೆ ಬಿದ್ದವೋ ಹಾಗೇ ಬಿಟ್ಟು ಹೋದ. ಅಕ್ಕ ಎದ್ದು ಅವುಗಳನ್ನು ನೆಟ್ಟಗೆ ಜೋಡಿಸಿದಳು. ಹಿಮ್ಮಡಿ ಮುಟ್ಟಿದ್ದು ಅವನಿಗೆ ತಿಳಿದಂತೆ ಕಾಣಲಿಲ್ಲ. ಹೊದಿಕೆ ಎಳೆಯುತ್ತಿದ್ದಾಗ ತಮ್ಮ ಕರೆದ.

"ಅಕ್ಕ."

"ಏನೋ?"

"ನಾನು ಮತ್ತೆ ನಡೀತೀನಾ?"

ಅವನ ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. 'ನಡೀತೀಯ ಕಣೋ, ನಡೀದೆ ಏನು' ಎಂಬ ಮಾತು, ಮೂವತ್ತು ವರ್ಷದ ಅಭ್ಯಾಸಬಲದಿಂದ, ಅಕ್ಕನ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅವಳು ಅದನ್ನು ನುಂಗಿದಳು.

"ಗೊತ್ತಿಲ್ಲ ಕಣೋ," ಎಂದಳು. "ನಂಗೆ ಗೊತ್ತಿಲ್ಲ."

ತಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅಳತೊಡಗಿದ. ಆ ಮಾತನ್ನು ಅವನು ಕೂಡಲೇ ನಂಬಿದ್ದ.